ಫೀಲ್ಡ್ ಹುಡುಗರಿಗೆ ಹೈಪಾಥಿಸಿಸ್, ಕಂಟ್ರೋಲ್, ಪಿ-ವ್ಯಾಲ್ಯೂ ಎಲ್ಲ ಹೇಳಿಕೊಡುವುದು ಹೇಗೆ?

ಬಾಗೇಪಲ್ಲಿ_ಬೋರ್

ಎಲ್ಲರಿಗೂ ನಮಸ್ಕಾರ. ಬಾಗೇಪಲ್ಲಿ, ಗುಡಿಬಂಡೆ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಸರ್ವೆ ಮಾಡುತ್ತಿದ್ದೇವೆ. ಫೀಲ್ಡ್ ಟೀಮಿಗೆ ತರಬೇತಿ ಕೊಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಹುಡುಗರು, ಹುಡುಗಿಯರು ಎಲ್ಲರೂ ಚುರುಕು. ಪಂಪ್ ಸ್ವಲ್ಪ ಹೊತ್ತು ಓಡಿಸಿ ಆಮೇಲೆ ನೀರು ಹಿಡಿಯುವುದು, ಬಾಟಲಿ ಅದೇ ನೀರಲ್ಲಿ ತೊಳೆಯುವುದು, ಲೇಬಲ್, ಜಿಪಿಎಸ್, ಎಲ್ಲ ಅಚ್ಚುಕಟ್ಟು. ತೊಂದರೆ ಇರುವುದು ಪದಗಳಲ್ಲಿ.

ತರಬೇತಿ ಶುರುವಾಗುವುದೇ ಒಂದು ಸ್ಲೈಡಿನಿಂದ. ಹೈಪಾಥಿಸಿಸ್, ವೇರಿಯಬಲ್, ಕಂಟ್ರೋಲ್, ಬಯಾಸ್, ಎರರ್, ಸಿಗ್ನಿಫಿಕೆನ್ಸ್. ಎಲ್ಲರೂ ಬರೆದುಕೊಳ್ಳುತ್ತಾರೆ. ಕೇಳಿದರೆ ಒಪ್ಪಿಸುತ್ತಾರೆ. ಊರಿಗೆ ಹೋದ ಮೇಲೆ ಗೊತ್ತಾಗುತ್ತದೆ, ಏನೂ ತಲೆಗೆ ಇಳಿದಿಲ್ಲ ಅಂತ. ಮೊನ್ನೆ ಒಬ್ಬ ಕೇಳಿದ: "ಮೇಡಂ, ನಮ್ಮ ಹೈಪಾಥಿಸಿಸ್ ತಪ್ಪಾದರೆ ಪ್ರಾಜೆಕ್ಟ್ ನಿಲ್ಲಿಸಿಬಿಡುತ್ತಾರಾ?" ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಅವನು ಅದನ್ನು ಟಾರ್ಗೆಟ್ ಅಂದುಕೊಂಡಿದ್ದಾನೆ. 'ಆಳದ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಜಾಸ್ತಿ' ಅಂತ ನಾವು ಬರೆದಿದ್ದೇವೆ ಅಲ್ವಾ, ಅವನು ಊರಿಗೆ ಹೋಗಿ "ನೀರು ಕೆಟ್ಟಿರುವ ಆಳದ ಬೋರ್ ಯಾವುದಿದೆ?" ಅಂತ ಕೇಳಿ ಅದನ್ನೇ ಹುಡುಕಿ ಹಿಡಿದು ತರುತ್ತಾನೆ. ನಮಗೆ ಸಹಾಯ ಮಾಡುತ್ತಿದ್ದೇನೆ ಅಂತಲೇ ಅವನ ಭಾವನೆ.

ಕೆಲಸ ಮಾಡುವವರಿಗೆ ಈ ಪದಗಳನ್ನು ನೀವು ಹೇಗೆ ಹೇಳಿಕೊಡುತ್ತೀರಿ? ಯಾವುದು ಮೊದಲು? ಯಾವುದನ್ನು ಬಿಟ್ಟರೂ ನಡೆಯುತ್ತದೆ?

ಹಳೇ_ಮೇಷ್ಟ್ರು_ತುಮಕೂರು

ಅಡಿಪಾಯ ಸರಿ ಇಲ್ಲದಿದ್ದರೆ ಹೀಗೇ ಆಗುವುದು. ಮೊದಲು ಸರಿಯಾದ ವ್ಯಾಖ್ಯೆ ಕೊಡಿ. ಹೈಪಾಥಿಸಿಸ್ ಅಂದರೆ ಪರೀಕ್ಷೆಗೆ ಒಡ್ಡಬಹುದಾದ ಊಹೆ. ಅದು ಬಹಳಷ್ಟು ಪರೀಕ್ಷೆ ದಾಟಿ, ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ವಿವರಿಸಿದರೆ ಥಿಯರಿ. ಇನ್ನೂ ಗಟ್ಟಿಯಾದರೆ ಲಾ. ಈ ಮೆಟ್ಟಿಲು ಅರ್ಥವಾದರೆ ಉಳಿದದ್ದು ತಾನಾಗಿಯೇ ಬರುತ್ತದೆ.

ಪಾವಗಡ_ಬಿಸಿಲು

ಸ್ಲೈಡ್ ಬಿಸಾಕಿ ಅಕ್ಕ.

ಅಂಕಿಅಂಶ_ಅಕ್ಕ

ಮೇಷ್ಟ್ರೇ, ಮೊದಲೆರಡು ಸಾಲು ಒಪ್ಪಿದೆ, ಮೂರನೆಯದು ಇಲ್ಲ. ಥಿಯರಿಗೆ ಬಡ್ತಿ ಸಿಕ್ಕಿ ಲಾ ಆಗುವುದಿಲ್ಲ. ಲಾ ಅಂದರೆ 'ಹೀಗೆ ನಡೆಯುತ್ತದೆ' ಅಂತ ಹೇಳುವ ಸೂತ್ರ. ಥಿಯರಿ ಅಂದರೆ 'ಯಾಕೆ ಹೀಗೆ' ಅನ್ನುವ ವಿವರಣೆ. ಗಾಳಿಯ ಒತ್ತಡ ಹೆಚ್ಚಿಸಿದರೆ ಗಾತ್ರ ಕಡಿಮೆಯಾಗುತ್ತದೆ ಅನ್ನುವುದು ಬಾಯ್ಲ್ ನಿಯಮ, 1662ರದ್ದು. ಅದು ಯಾಕೆ ಅಂತ ಅಣುಗಳ ಓಡಾಟದಿಂದ ವಿವರಿಸುವ ಥಿಯರಿ ಬಂದದ್ದು ಎಷ್ಟೋ ಕಾಲದ ಮೇಲೆ. ಎರಡೂ ಬೇರೆ ಬೇರೆ ಜಾತಿ.

ಅದೂ ಅಲ್ಲದೆ ಬಾಗೇಪಲ್ಲಿಯಲ್ಲಿ ಬಾಟಲಿ ಹಿಡಿದು ನಿಂತಿರುವ ಹುಡುಗನಿಗೆ ಥಿಯರಿ, ಲಾ ಎರಡೂ ಇವತ್ತು ಬೇಕಾಗಿಲ್ಲ.

ಹಳೇ_ಮೇಷ್ಟ್ರು_ತುಮಕೂರು

ಪಠ್ಯಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದೆನಮ್ಮ. ಇರಲಿ.

ಆರ್‌ಬಿಡಿ_ರಾಗಿ

ನಾನು ಕೃಷಿ ಪ್ರಯೋಗಗಳಲ್ಲಿ ಕೆಲಸ ಮಾಡುವವನು. ನಾವು ಮಾಡುವ ಒಂದು ಉಪಾಯ ಹೇಳುತ್ತೇನೆ. ಹೈಪಾಥಿಸಿಸ್ ಅಂದ್ರೆ ಏನು ಅಂತ ಕೇಳುವುದೇ ಇಲ್ಲ. ಫೀಲ್ಡಿಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಬೇಕು: "ಏನು ಕಂಡರೆ ನಮ್ಮ ಊಹೆ ಬಿದ್ದುಹೋಯಿತು ಅಂತ ಒಪ್ಪುತ್ತೇವೆ?"

ಈ ಸಾಲು ಬರೆಯಲು ಆಗದಿದ್ದರೆ ಅದು ಹೈಪಾಥಿಸಿಸ್ಸೇ ಅಲ್ಲ. 'ಗೊಬ್ಬರ ಹಾಕಿದರೆ ಬೆಳೆ ಚೆನ್ನಾಗಿ ಬರಬಹುದು' ಅನ್ನುವುದು ಯಾವ ಫಲಿತಾಂಶ ಬಂದರೂ ಬೀಳುವುದಿಲ್ಲ. 'ಜಿಪಿಯು-28 ರಾಗಿಗೆ ಇಷ್ಟು ಸಾರಜನಕ ಹೆಚ್ಚಿಗೆ ಕೊಟ್ಟರೆ ಕಾಳಿನ ಇಳುವರಿ ಹೆಚ್ಚುತ್ತದೆ' ಅನ್ನುವುದು ಬೀಳಬಹುದು. ನಿಮ್ಮ ಹುಡುಗನಿಂದಲೂ ಬರೆಸಿ: "ಆಳದ ಬೋರ್, ಮೇಲಿನ ಬೋರ್ ಎರಡರಲ್ಲೂ ಫ್ಲೋರೈಡ್ ಒಂದೇ ಮಟ್ಟದಲ್ಲಿ ಬಂದರೆ, ಅಥವಾ ಮೇಲಿನದರಲ್ಲೇ ಜಾಸ್ತಿ ಬಂದರೆ, ನಮ್ಮ ಊಹೆ ತಪ್ಪು." ಹಾಗೆ ಬರೆದ ಮೇಲೆ ಮೇಲಿನ ಬೋರ್ ಹುಡುಕುವುದೂ ಅವನ ಕೆಲಸವೇ ಆಗುತ್ತದೆ.

ಇನ್ನೊಂದು, ಸ್ಲೈಡಿನಲ್ಲಿ ಇಲ್ಲದ ಪದ. ರೆಪ್ಲಿಕೇಶನ್. ಇದೇ ಎಲ್ಲಕ್ಕಿಂತ ಜಾಸ್ತಿ ಗೋಳು ಹುಯ್ದುಕೊಳ್ಳುವುದು. ಒಂದೇ ಮಡಿಯಿಂದ ಐದು ಗಿಡ ಅಳೆದು "ಐದು ರೆಪ್ಲಿಕೇಶನ್ ಸಾರ್" ಅನ್ನುತ್ತಾರೆ. ಅಲ್ಲ. ಆ ಮಡಿಗೆ ಗೊಬ್ಬರ ಕೊಟ್ಟದ್ದು ಒಂದೇ ಸಲ, ಮಣ್ಣು ಒಂದೇ, ನೀರು ನಿಂತದ್ದೂ ಒಂದೇ ರೀತಿ. ಐದು ಗಿಡ ಅಳೆದರೆ ಆ ಒಂದು ಮಡಿಯ ಬಗ್ಗೆ ಚೆನ್ನಾಗಿ ಗೊತ್ತಾಯಿತು, ಅಷ್ಟೇ. ಅದೇ ಗೊಬ್ಬರವನ್ನು ಬೇರೆ ಬೇರೆ ಕಡೆ ಇರುವ, ಚೀಟಿ ಎತ್ತಿ ಆರಿಸಿದ ಮಡಿಗಳಿಗೆ ಹಾಕಿದರೆ ಅದು ರೆಪ್ಲಿಕೇಶನ್. ಒಂದೇ ಬೋರ್‌ವೆಲ್‌ನಿಂದ ಮೂರು ಬಾಟಲಿ ಹಿಡಿದರೂ ಇದೇ ಕಥೆ. ಬಾಟಲಿ ಮೂರು, ಬಾವಿ ಒಂದೇ.

ಬಾಗೇಪಲ್ಲಿ_ಬೋರ್

ಅಯ್ಯೋ, ನಮ್ಮ ಕಡೆಯೂ ಇದೇ. ಕಷ್ಟದ ಊರಿಗೆ ಹೋಗಲು ಬಸ್ಸಿಲ್ಲ, ಹಾಗಾಗಿ ಹತ್ತಿರದ ಬೋರ್‌ನಿಂದ ಒಂದೆರಡು ಬಾಟಲಿ ಹೆಚ್ಚಿಗೆ ಹಿಡಿದು "ಸ್ಯಾಂಪಲ್ ಸಂಖ್ಯೆ ಮುಗಿಯಿತು" ಅಂತ ಬರೆಯುತ್ತಾರೆ.

ಲ್ಯಾಬ್_ಅಣ್ಣ

ಆ ಹೆಚ್ಚಿನ ಬಾಟಲಿ ವ್ಯರ್ಥ ಅಂತ ಮಾತ್ರ ಹೇಳಬೇಡಿ. ಅದಕ್ಕೆ ಬೇರೆ ಕೆಲಸ ಇದೆ. ಒಂದೇ ಬೋರ್‌ನ ಎರಡು ಬಾಟಲಿಗೆ ಬೇರೆ ಬೇರೆ ಕೋಡ್ ಹಾಕಿ ಲ್ಯಾಬಿಗೆ ಕೊಡಿ, ಎರಡೂ ಒಂದೇ ಬಾವಿಯದು ಅಂತ ನಮಗೆ ಹೇಳಬೇಡಿ. ಎರಡರ ರೀಡಿಂಗ್ ಎಷ್ಟು ದೂರ ಬರುತ್ತದೋ ಅದು ನಮ್ಮ ಅಳತೆಯ ಎರರ್. ಯಾರ ತಪ್ಪೂ ಅಲ್ಲ. 'ಎರರ್' ಅಂದ ತಕ್ಷಣ ಹುಡುಗರು "ನಾನೇನೂ ಮಾಡಿಲ್ಲ ಸಾರ್" ಅನ್ನಲು ಶುರು ಮಾಡುತ್ತಾರೆ. ಯಾವ ಅಳತೆಯಲ್ಲೂ ಅಷ್ಟಿಷ್ಟು ಅಲ್ಲಾಟ ಇದ್ದೇ ಇರುತ್ತದೆ, ಅದೆಷ್ಟು ಅಂತ ತಿಳಿದುಕೊಂಡರೆ ಸಾಕು ಅಂತ ಮೊದಲೇ ಹೇಳಿ.

ಆಕ್ಯುರಸಿ, ಪ್ರಿಸಿಷನ್ ಎರಡನ್ನೂ ರೇಷ್ಮೆಗೂಡಿನ ಮಾರ್ಕೆಟ್ಟಿನ ತಕ್ಕಡಿಯಿಂದ ಹೇಳಿಕೊಡಬಹುದು. ಹತ್ತು ಸಲ ಇಟ್ಟರೂ ತಕ್ಕಡಿ ಅದೇ ತೂಕ ತೋರಿಸುತ್ತದೆ, ಆದರೆ ಪ್ರತಿ ಸಲವೂ ಇನ್ನೂರು ಗ್ರಾಂ ಕಡಿಮೆ. ಪ್ರಿಸಿಷನ್ ಚೆನ್ನಾಗಿದೆ, ಆಕ್ಯುರಸಿ ಇಲ್ಲ. ಬಣ್ಣ ನೋಡಿ ಹೇಳುವ ಫೀಲ್ಡ್ ಕಿಟ್‌ಗಳಲ್ಲಿ ಇದು ಆಗುವುದುಂಟು. ನಮ್ಮ ಕಡೆ ಬೋರ್ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ. ಕ್ಷಾರ ಜಾಸ್ತಿ ಇದ್ದರೆ ಬಣ್ಣದ ಪರೀಕ್ಷೆ ದಾರಿ ತಪ್ಪುತ್ತದೆ. ಅದಕ್ಕೇ ಒಂದಷ್ಟು ಸ್ಯಾಂಪಲ್ಲನ್ನು ಲ್ಯಾಬಿನಲ್ಲಿ ಫ್ಲೋರೈಡ್ ಅಳೆಯುವ ಅಯಾನ್ ಎಲೆಕ್ಟ್ರೋಡ್‌ನಿಂದಲೂ ನೋಡಿಸಿ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದೆ ಅಂತ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣ ಒಂದು, ಫ್ಲೋರೈಡ್ ಇಲ್ಲದ ಶುದ್ಧ ನೀರು ಒಂದು, ಎರಡನ್ನೂ ಕಿಟ್ ಜೊತೆ ಕಳಿಸಿ. ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಅವೆರಡನ್ನೂ ಪರೀಕ್ಷಿಸಬೇಕು. ಕ್ಯಾಲಿಬ್ರೇಶನ್, ಬ್ಲ್ಯಾಂಕ್ ಅನ್ನುವ ಪದ ಅಲ್ಲೇ ಕಲಿತಾಯಿತು.

ಭಾರತದ ಮಾನಕದಲ್ಲಿ ಕುಡಿಯುವ ನೀರಿಗೆ ಫ್ಲೋರೈಡ್ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಿಮ್ಮ ಕಿಟ್‌ನ ಅಲ್ಲಾಟವೇ ಅರ್ಧ ಮಿಲಿಗ್ರಾಂ ಇದ್ದರೆ 1.3 ಅಂತ ಬಂದ ಬಾವಿ ಬಗ್ಗೆ ಏನು ಹೇಳುತ್ತೀರಿ? ಇದನ್ನು ಹುಡುಗರಿಗೇ ಕೇಳಿ. ಒಳ್ಳೆ ಜಗಳ ಆಗುತ್ತದೆ, ಆಗಲಿ.

ರೇಷ್ಮೆಗೂಡು_ಶಿಡ್ಲಘಟ್ಟ

ಗೂಡಿನ ಮಾರ್ಕೆಟ್ ತಕ್ಕಡಿ ಬಗ್ಗೆ ಯಾರು ಮಾತಾಡಿದ್ದು? 😄 ಈಗೆಲ್ಲ ಎಲೆಕ್ಟ್ರಾನಿಕ್ ಸ್ವಾಮಿ.

ಕಂಟ್ರೋಲ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಊರಿಗೆ ಒಂದು ಕಂಪನಿಯವರು ಹೊಸ ಪುಡಿ ತಂದಿದ್ದರು. ರೇಷ್ಮೆ ಹುಳು ಜ್ವರದಿಂದ (ಪೊರೆ ಕಳಚುವ ಹೊತ್ತಿಗೆ ಹಾಗನ್ನುತ್ತೇವೆ) ಎದ್ದ ಮೇಲೆ ಎರಚಿದರೆ ರೋಗ ಬರುವುದಿಲ್ಲ ಅಂತ. ಊರಲ್ಲಿ ಕೆಲವರಿಗೆ ಕೊಟ್ಟರು, ಬೆಳೆ ಚೆನ್ನಾಗಿ ಬಂತು, ಫೋಟೋ ಹಿಡಿದರು, ಬ್ಯಾನರ್ ಹಾಕಿದರು. ನಮ್ಮಪ್ಪ ಒಂದೇ ಪ್ರಶ್ನೆ ಕೇಳಿದರು: "ಪುಡಿ ತಗೊಂಡವರೆಲ್ಲ ಯಾರು?" ನೋಡಿದರೆ ಎಲ್ಲರೂ ಬೇರೆ ಹುಳು ಮನೆ ಕಟ್ಟಿಸಿದವರು, ಚಾಕಿ ಹುಳುವನ್ನೇ (ಬೇರೆಯವರು ಮೊದಲ ಹಂತ ಸಾಕಿಕೊಟ್ಟ ಮರಿ ಹುಳು) ತಂದು ಸಾಕುವವರು, ಸೊಪ್ಪು ಚೆನ್ನಾಗಿರುವವರು. ಹೊಸದು ಬಂದರೆ ಮೊದಲು ಕೈ ಚಾಚುವವರೂ ಅವರೇ. ಮನೆಯೊಳಗೇ ತಟ್ಟೆ ಇಟ್ಟು ಸಾಕುವವರ ಜೊತೆ ಅವರನ್ನು ಹೋಲಿಸಿ ಪುಡಿಗೆ ಹೆಸರು ಕೊಟ್ಟರು.

ಕಂಟ್ರೋಲ್ ಅಂದರೆ ಸುಮ್ನೆ 'ಪುಡಿ ಹಾಕದ ಗುಂಪು' ಅಲ್ಲ. ಪುಡಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಥರ ಇರುವ ಗುಂಪು. ಒಂದೇ ಹುಳು ಮನೆಯಲ್ಲಿ ಒಂದೇ ಲಾಟಿನ ಹುಳುವನ್ನು ಅರ್ಧ ಅರ್ಧ ಮಾಡಿ, ಯಾವ ಅರ್ಧಕ್ಕೆ ಪುಡಿ ಅಂತ ನಾಣ್ಯ ಚಿಮ್ಮಿ ಹಾಕಿದ್ದರೆ ನಾನು ನಂಬುತ್ತಿದ್ದೆ. ಅಂಥದ್ದು ಇನ್ನೂ ಕೆಲವು ಮನೆಗಳಲ್ಲಿ ಮಾಡಬೇಕು. ಆರ್‌ಬಿಡಿ ಅಣ್ಣ ಹೇಳಿದರಲ್ಲ, ರೆಪ್ಲಿಕೇಶನ್.

ಆರ್‌ಬಿಡಿ_ರಾಗಿ

ನಿಮ್ಮಪ್ಪನವರನ್ನು ನಮ್ಮ ಡಿಪಾರ್ಟ್‌ಮೆಂಟಿಗೆ ಕಳಿಸಿಕೊಡಿ.

ರೇಷ್ಮೆಗೂಡು_ಶಿಡ್ಲಘಟ್ಟ

ಬರಲ್ಲ. ಹುಳು ಹಣ್ಣಾಗಿದೆ, ಗೂಡು ಕಟ್ಟುವ ಹೊತ್ತು.

ರೇಷ್ಮೆ ಮಾತು ಬಂದಮೇಲೆ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಸ್ತರ್ ಕಥೆ ಹೇಳದೇ ಇರಲು ಆಗಲ್ಲ. 1865ರಲ್ಲಿ ಫ್ರಾನ್ಸಿನ ದಕ್ಷಿಣದ ಕಡೆ ಹುಳು ಸಾಯುತ್ತಿವೆ ಅಂತ ಅವರನ್ನು ಕಳಿಸಿದರು. ಅವರು ಹುಳು ಸಾಕಿದವರೇ ಅಲ್ಲ. ನಾವು ಗಂಟು ರೋಗ ಅನ್ನುತ್ತೇವಲ್ಲ, ಪೆಬ್ರಿನ್, ಅದು. ಸತ್ತ ಹುಳುವಿನ ಒಳಗೆ ಸೂಕ್ಷ್ಮದರ್ಶಕದಲ್ಲಿ ಸಣ್ಣ ಕಣಗಳು ಕಾಣುತ್ತಿದ್ದವು. ರೋಗದಿಂದ ಕಣ ಹುಟ್ಟುತ್ತವೆ, ಕಣದಿಂದ ರೋಗ ಅಲ್ಲ ಅಂತ ಪಾಸ್ತರ್ ಮೊದಲು ನಂಬಿದ್ದರು. ಪ್ರಯೋಗ ಮಾಡುತ್ತಾ ಹೋದ ಹಾಗೆ ಅದು ನಿಲ್ಲಲಿಲ್ಲ. ಕಣವೇ ಪರಾವಲಂಬಿ ಜೀವಿ ಅಂತ ಒಪ್ಪಿದರು. ಅಷ್ಟಕ್ಕೇ ಮುಗಿಯಲಿಲ್ಲ. ಕಣ ಇಲ್ಲದ ಹುಳುಗಳೂ ಸಾಯುತ್ತಿದ್ದವು. ಕೊನೆಗೆ ನೋಡಿದರೆ ಅಲ್ಲಿದ್ದದ್ದು ಒಂದು ರೋಗ ಅಲ್ಲ, ಎರಡು. ಇನ್ನೊಂದು ನಮ್ಮ ಸಪ್ಪೆ ರೋಗ. ಎರಡನ್ನೂ ಒಂದೇ ಅಂತ ಲೆಕ್ಕ ಹಾಕುತ್ತಿದ್ದ ತನಕ ಯಾವ ಲೆಕ್ಕವೂ ಕೂಡಿ ಬರಲಿಲ್ಲ.

ಊಹೆ ಬಿದ್ದುಹೋದದ್ದರಿಂದಲೇ ಕೆಲಸ ಮುಂದೆ ಹೋಯಿತು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣ ಇದ್ದರೆ ಆ ಮೊಟ್ಟೆ ಸುಡುವ ಪದ್ಧತಿ ಅಲ್ಲಿಂದಲೇ ಬಂತು. ಇವತ್ತಿಗೂ ಮೊಟ್ಟೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆ ಪರೀಕ್ಷೆ ಮಾಡುತ್ತಾರೆ. ನಿಮ್ಮ ಹುಡುಗನಿಗೆ ಇದನ್ನು ಹೇಳಿ ಅಕ್ಕ, ಪ್ರಾಜೆಕ್ಟ್ ನಿಲ್ಲಲ್ಲ ಅಂತ.

ಪಾವಗಡ_ಬಿಸಿಲು

ಗೂಡು ಇವತ್ತು ಎಷ್ಟಕ್ಕೆ ಹೋಯಿತು?

ರೇಷ್ಮೆಗೂಡು_ಶಿಡ್ಲಘಟ್ಟ

ಕೇಳಬೇಡ ಗುರು.

ಶಿರಾ_ಸೀಮೆ

ಬಯಾಸ್, ರ‍್ಯಾಂಡಮ್ ಎರಡನ್ನೂ ಕಲಿಸಲು ಬೆಳೆ ಕಟಾವು ಪ್ರಯೋಗಕ್ಕಿಂತ ಒಳ್ಳೆಯದು ಇಲ್ಲ. ಇಳುವರಿ ಅಂದಾಜು ಮಾಡಲು ಶೇಂಗಾ, ರಾಗಿ ಎಲ್ಲದಕ್ಕೂ ಹಳ್ಳಿಗಳಲ್ಲಿ ಮಾಡುತ್ತಾರಲ್ಲ, ಅದೇ. ಸರ್ವೆ ನಂಬರ್ ಆರಿಸುವುದು ರ‍್ಯಾಂಡಮ್ ಸಂಖ್ಯೆಯಿಂದ. ಹೊಲಕ್ಕೆ ಹೋದ ಮೇಲೆ ನೈಋತ್ಯ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಗಲಕ್ಕೆ, ಅದೂ ರ‍್ಯಾಂಡಮ್ ಸಂಖ್ಯೆಯೇ. ಅಲ್ಲಿ ಗೂಟ ಹೊಡೆದು 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಹಾಕಿ, ಕೊಯ್ದು ತೂಗುವುದು.

ಇಷ್ಟೆಲ್ಲ ಯಾಕೆ? ಮನುಷ್ಯನ ಕಾಲು ತಾನಾಗಿಯೇ ಚೆನ್ನಾಗಿರುವ ಕಡೆ ಹೋಗುತ್ತದೆ. ಇಳುವರಿ ಕಡಿಮೆ ಬಂದರೆ ಪರಿಹಾರ ಕೊಡುವ ಬೆಳೆ ವಿಮೆ ಇದ್ದರೆ ಅದೇ ಕಾಲು ಕೆಟ್ಟಿರುವ ಕಡೆ ಹೋಗುತ್ತದೆ. ಒಂದು ಸಲ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಚೌಕ ಬಂಜರು ಕಲ್ಲಿನ ಮೇಲೆ ಬಿತ್ತು. "ಇಲ್ಲಿ ಏನೂ ಇಲ್ಲ, ಸ್ವಲ್ಪ ಆ ಕಡೆ ಹಾಕೋಣ ಬಿಡಿ ಸಾರ್" ಅಂತ ಒಬ್ಬರು, "ಏ ಬೇಡ, ಇಲ್ಲೇ ಇರಲಿ" ಅಂತ ಹೊಲದ ಯಜಮಾನರು. ಇಬ್ಬರೂ ಒಳ್ಳೆಯವರೇ. ಇಬ್ಬರ ಮಾತಲ್ಲೂ ಬಯಾಸ್ ಇದೆ, ಅಂದರೆ ಉತ್ತರವನ್ನು ಒಂದೇ ಕಡೆಗೆ ವಾಲಿಸುವುದು. ರ‍್ಯಾಂಡಮ್ ಸಂಖ್ಯೆಗೆ ಇಬ್ಬರ ಪರಿಚಯವೂ ಇಲ್ಲ.

'ಸುಮ್ನೆ ಕಣ್ಣಿಗೆ ಬಿದ್ದದ್ದು ತಗೊಂಡೆ, ರ‍್ಯಾಂಡಮ್ ಆಗಿ' ಅನ್ನುತ್ತಾರಲ್ಲ, ಅದು ರ‍್ಯಾಂಡಮ್ ಅಲ್ಲವೇ ಅಲ್ಲ. ಕಣ್ಣಿಗೆ ಬೀಳುವುದು ರಸ್ತೆ ಪಕ್ಕದ ಬಾವಿ.

ಅಂಕಿಅಂಶ_ಅಕ್ಕ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ರ‍್ಯಾಂಡಮ್ ಎರರ್ ಇದ್ದರೆ ಸ್ಯಾಂಪಲ್ ಜಾಸ್ತಿ ಮಾಡಿದಷ್ಟೂ ಕಡಿಮೆಯಾಗುತ್ತದೆ. ಬಯಾಸ್ ಹಾಗಲ್ಲ. ಬರೀ ರಸ್ತೆ ಪಕ್ಕದ ಬಾವಿಗಳನ್ನೇ ನೂರರ ಬದಲು ಸಾವಿರ ಹಿಡಿದರೆ, ಅದೇ ತಪ್ಪು ಉತ್ತರ ಇನ್ನೂ ಧೈರ್ಯವಾಗಿ ಬರುತ್ತದೆ. "ಸ್ಯಾಂಪಲ್ ದೊಡ್ಡದು, ಹಾಗಾಗಿ ಸರಿ" ಅನ್ನುವ ಮಾತು ಟೀಮಿನಲ್ಲಿ ಕೇಳಿದರೆ ಅಲ್ಲೇ ನಿಲ್ಲಿಸಿ.

ಹಳೇ_ಮೇಷ್ಟ್ರು_ತುಮಕೂರು

ಪಿ-ವ್ಯಾಲ್ಯೂ ಬಗ್ಗೆ ಯಾರೂ ಹೇಳಲಿಲ್ಲ. ಅದು ಸುಲಭ. ಪಿ 0.05 ಬಂದರೆ ನಮ್ಮ ಹೈಪಾಥಿಸಿಸ್ ಸರಿ ಇರುವ ಸಾಧ್ಯತೆ 95 ಪರ್ಸೆಂಟ್.

ಅಂಕಿಅಂಶ_ಅಕ್ಕ

ಅಲ್ಲ ಮೇಷ್ಟ್ರೇ. ದಯವಿಟ್ಟು ಇದನ್ನು ಯಾರೂ ನೋಟ್ಸಿನಲ್ಲಿ ಬರೆದುಕೊಳ್ಳಬೇಡಿ.

ಸಂಖ್ಯಾಶಾಸ್ತ್ರಜ್ಞ ಫಿಷರ್ 1935ರಲ್ಲಿ ಬರೆದ ಚಹಾ ಪ್ರಯೋಗ ಇದೆಯಲ್ಲ, ಅದರಿಂದಲೇ ಹೇಳುತ್ತೇನೆ. ಕಪ್ಪಿಗೆ ಮೊದಲು ಹಾಲು ಹಾಕಿದ್ದೋ, ಮೊದಲು ಚಹಾ ಹಾಕಿದ್ದೋ ಅಂತ ರುಚಿ ನೋಡಿ ಹೇಳುತ್ತೇನೆ ಅಂತ ಒಬ್ಬ ಹೆಂಗಸು ಹೇಳಿದರು. ಎಂಟು ಕಪ್ ಇಟ್ಟರು. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು. ಇಟ್ಟ ಕ್ರಮ ರ‍್ಯಾಂಡಮ್. ಹಾಲು ಮೊದಲಿನ ನಾಲ್ಕನ್ನು ಆಕೆ ಆರಿಸಬೇಕು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಆಕೆಗೆ ಏನೂ ಗೊತ್ತಿಲ್ಲದೆ ಕಣ್ಣುಮುಚ್ಚಿ ಆರಿಸಿದರೂ 70ರಲ್ಲಿ ಒಂದು ಸಲ ಪೂರ್ತಿ ಸರಿ ಬರುತ್ತದೆ. ಅಂದರೆ 1.4 ಪರ್ಸೆಂಟ್. ಆಕೆ ಪೂರ್ತಿ ಸರಿ ಹೇಳಿದರೆ ಪಿ-ವ್ಯಾಲ್ಯೂ ಅದೇ. ನಾಲ್ಕರಲ್ಲಿ ಮೂರು ಸರಿ, ಒಂದು ತಪ್ಪು ಆದರೆ? ಅದಕ್ಕೆ 16 ದಾರಿ, ಪೂರ್ತಿ ಸರಿಯ ಒಂದು ಸೇರಿ 17. 70ರಲ್ಲಿ 17 ಅಂದರೆ ಸುಮಾರು 24 ಪರ್ಸೆಂಟ್. ಊಹೆಯಿಂದಲೇ ಅಷ್ಟು ಸಲ ಬರುತ್ತದೆ, ಹಾಗಾಗಿ ಅದರಿಂದ ಏನೂ ಹೇಳಲಾಗದು.

ಈಗ ನೋಡಿ. ಲೆಕ್ಕವೆಲ್ಲ ಶುರುವಾಗಿದ್ದು 'ಆಕೆಗೆ ಏನೂ ಗೊತ್ತಿಲ್ಲ ಅಂತ ಇಟ್ಟುಕೊಳ್ಳೋಣ' ಅನ್ನುವುದರಿಂದ. ಇದೇ ನಲ್ ಹೈಪಾಥಿಸಿಸ್. ಅದು ನಿಜ ಅಂತ ಇಟ್ಟುಕೊಂಡರೆ ಇಂಥ ಫಲಿತಾಂಶ, ಅಥವಾ ಇದಕ್ಕಿಂತ ಬಲವಾದದ್ದು, ಎಷ್ಟು ಅಪರೂಪ ಅನ್ನುವುದೇ ಪಿ-ವ್ಯಾಲ್ಯೂ. ಆಕೆಗೆ ಗೊತ್ತಿರುವ ಸಾಧ್ಯತೆ ಎಷ್ಟು ಅನ್ನುವುದಕ್ಕೆ ಅದು ಉತ್ತರ ಅಲ್ಲ. ಜನ ಇದನ್ನು ಎಷ್ಟು ತಪ್ಪಾಗಿ ಬಳಸುತ್ತಾರೆ ಅಂದರೆ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಈ ಒಂದೇ ವಿಷಯಕ್ಕೆ ಹೇಳಿಕೆ ಹೊರಡಿಸಬೇಕಾಯಿತು.

ಹಳೇ_ಮೇಷ್ಟ್ರು_ತುಮಕೂರು

ಚಹಾ ಲೆಕ್ಕ ಚೆನ್ನಾಗಿದೆ. ಆದರೆ ಇಷ್ಟನ್ನು ಫೀಲ್ಡ್ ಹುಡುಗರಿಗೆ ಯಾರು ಹೇಳುತ್ತಾ ಕೂರುತ್ತಾರೆ?

ಅಂಕಿಅಂಶ_ಅಕ್ಕ

ಕೂರಬೇಕಾಗಿಲ್ಲ, ಎಂಟು ಲೋಟ ಇಟ್ಟರೆ ಸಾಕು. ಬಾಗೇಪಲ್ಲಿ ಅಕ್ಕ, ಫಿಲ್ಟರ್ ನೀರು ನಾಲ್ಕು ಲೋಟ, ಬೋರ್ ನೀರು ನಾಲ್ಕು ಲೋಟ (ಕುಡಿಯಲು ಯೋಗ್ಯವಾದ ಬೋರ್ ಆಗಿರಲಿ!). "ನಾನು ರುಚಿಯಲ್ಲೇ ಹೇಳುತ್ತೇನೆ" ಅನ್ನುವವರು ಟೀಮಿನಲ್ಲಿ ಒಬ್ಬರಾದರೂ ಇರುತ್ತಾರೆ. ಬ್ಲೈಂಡಿಂಗ್ (ಯಾವ ಲೋಟದಲ್ಲಿ ಏನಿದೆ ಅಂತ ಕುಡಿಯುವವರಿಗೆ ಹೇಳದಿರುವುದು), ರ‍್ಯಾಂಡಮ್, ನಲ್, ಪಿ ಎಲ್ಲ ಒಂದೇ ಮೇಜಿನ ಮೇಲೆ.

ಆರ್‌ಬಿಡಿ_ರಾಗಿ

ನಮ್ಮಲ್ಲಿ ಇನ್ನೊಂದು ಕಾಯಿಲೆ ಇದೆ. ಟೇಬಲ್ಲಿನಲ್ಲಿ 'ಎನ್‌ಎಸ್' ಅಂತ ಕಂಡರೆ, ಅಂದರೆ ನಾನ್ ಸಿಗ್ನಿಫಿಕೆಂಟ್, "ಗೊಬ್ಬರದಿಂದ ಏನೂ ಪ್ರಯೋಜನ ಇಲ್ಲ" ಅಂತ ಬರೆದುಬಿಡುತ್ತಾರೆ. ಮಡಿ ಕಡಿಮೆ ಇದ್ದು, ಮಣ್ಣು ಏರುಪೇರಾಗಿದ್ದರೆ ನಿಜವಾದ ವ್ಯತ್ಯಾಸವೂ ಕಾಣಿಸುವುದಿಲ್ಲ. ಕಾಣಿಸಲಿಲ್ಲ ಅನ್ನುವುದು ಬೇರೆ, ಇಲ್ಲ ಅನ್ನುವುದು ಬೇರೆ. ಉಲ್ಟಾನೂ ಆಗುತ್ತದೆ. ಸ್ಯಾಂಪಲ್ ತುಂಬಾ ದೊಡ್ಡದಿದ್ದರೆ ಚಿಲ್ಲರೆ ವ್ಯತ್ಯಾಸವೂ 'ಸಿಗ್ನಿಫಿಕೆಂಟ್' ಆಗಿಬಿಡುತ್ತದೆ. ರೈತನಿಗೆ ಗೊಬ್ಬರದ ದುಡ್ಡೂ ಗಿಟ್ಟದಂಥ ವ್ಯತ್ಯಾಸಕ್ಕೆ ಸಿಗ್ನಿಫಿಕೆಂಟ್ ಅಂತ ಸೀಲು. ಎಷ್ಟು ಹೆಚ್ಚಾಯಿತು, ಅದು ಎಷ್ಟರಿಂದ ಎಷ್ಟರವರೆಗೆ ಇರಬಹುದು ಅಂತ ಮೊದಲು ಬರೆಯಿರಿ. ಪಿ ಆಮೇಲೆ.

ಕೋಲಾರ_ಕೆರೆ

ಎಲ್ಲ ಸರಿ ಸ್ವಾಮಿ, ಪ್ರಯೋಗ ಮಾಡದೇನೇ ಸಾಬೀತಾದ ವಿಷಯಗಳೂ ಇವೆ. ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡುವ ಕೆಸಿ ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ನಮ್ಮ ಬೋರ್‌ಗಳಲ್ಲಿ ನೀರು ಬಂತು. ಇದಕ್ಕೆ ಯಾವ ಪಿ-ವ್ಯಾಲ್ಯೂ ಬೇಕು?

ಶಿರಾ_ಸೀಮೆ

ನಮ್ಮ ಕಡೆ ಕೆಸಿ ವ್ಯಾಲಿ ಇಲ್ಲ. ಮಳೆ ಚೆನ್ನಾಗಿ ಬಂದ ವರ್ಷ ನಮ್ಮ ಬೋರ್‌ಗಳೂ ಎದ್ದವು.

ಕೋಲಾರ_ಕೆರೆ

ನಿಮಗೆ ಬೆಂಗಳೂರು ನೀರು ಬರಲಿಲ್ಲ ಅಂತ ಹೊಟ್ಟೆಕಿಚ್ಚು.

ಅಂಕಿಅಂಶ_ಅಕ್ಕ

ಜಗಳ ಬೇಡ, ಪಾಠಕ್ಕೆ ಇದು ಚಿನ್ನದಂಥ ಉದಾಹರಣೆ. ಕೆರೆ ತುಂಬಿದರೆ ಸುತ್ತಲಿನ ಬೋರ್‌ಗಳಿಗೆ ನೀರು ಇಳಿಯುತ್ತದೆ ಅನ್ನುವುದು ಒಪ್ಪುವಂಥ ಊಹೆಯೇ, ನಾನೂ ಅಲ್ಲ ಅನ್ನುತ್ತಿಲ್ಲ. ಆದರೆ 2021ರ ನವೆಂಬರ್‌ನಲ್ಲಿ ಕೋಲಾರದಲ್ಲಿ ಎಂಥ ಮಳೆ ಬಂತು ನೆನಪಿದೆಯಲ್ಲ? ಕೆರೆಗಳು ಕೋಡಿ ಹೋದವು. ಕೆಸಿ ವ್ಯಾಲಿ ನೀರೂ ಬಂತು, ಮಳೆಯೂ ಬಂತು, ಬೋರ್ ಎದ್ದಿತು. ಯಾವುದರಿಂದ ಎಷ್ಟು? ಇಲ್ಲಿ ಮಳೆ ಕನ್‌ಫೌಂಡರ್. ಎರಡರ ಪಾಲು ಒಂದಕ್ಕೊಂದು ಬೆರೆತುಹೋಗಿದೆ.

ಬಿಡಿಸುವ ದಾರಿ ಇದೆ. ಯೋಜನೆಯ ನೀರು ಬಂದ ಕೆರೆಗಳ ಸುತ್ತಲಿನ ಬೋರ್‌ಗಳು ಒಂದು ಗುಂಪು. ಮಳೆ, ಕಲ್ಲಿನ ಜಾತಿ ಹೆಚ್ಚುಕಡಿಮೆ ಅದೇ ಇದ್ದು, ಯೋಜನೆಯ ನೀರು ಬರದ ಕೆರೆಗಳ ಸುತ್ತಲಿನವು ಇನ್ನೊಂದು ಗುಂಪು. ಎರಡೂ ಕಡೆ 2018ರ ಮುಂಚಿನ ಮಟ್ಟ ಎಷ್ಟು, ಆಮೇಲಿನದು ಎಷ್ಟು? ನೀರು ಬಂದ ಕಡೆಯ ಏರಿಕೆಯಿಂದ ಬರದ ಕಡೆಯ ಏರಿಕೆಯನ್ನು ಕಳೆಯಿರಿ. ಉಳಿದದ್ದನ್ನು ಯೋಜನೆಯ ಲೆಕ್ಕಕ್ಕೆ ಬರೆಯಬಹುದು, ಅದೂ ಅನುಮಾನ ಇಟ್ಟುಕೊಂಡೇ. ಮುಂಚಿನ ಅಳತೆಗೆ ಬೇಸ್‌ಲೈನ್ ಅನ್ನುತ್ತೇವೆ. ಅದು ಇಲ್ಲದಿದ್ದರೆ ಆಮೇಲೆ ಎಷ್ಟು ಅಳೆದರೂ ಕೈ ಖಾಲಿ.

ಕೋಲಾರ_ಕೆರೆ

ನಮ್ಮ ತೋಟದಲ್ಲಿ ನೀರು ಬಂದದ್ದು ನಾನು ಕಣ್ಣಾರೆ ನೋಡಿದ್ದು.

ಪಾವಗಡ_ಬಿಸಿಲು

ನೀರು ಬಂದದ್ದನ್ನು ನೋಡಿದ್ದೀರಿ ಅಣ್ಣ. ಎಲ್ಲಿಂದ ಬಂತು ಅಂತ ನೋಡಿಲ್ಲ.

ಕೋಲಾರ_ಕೆರೆ

ಆ ನೀರಿನಲ್ಲಿ ನೊರೆ ಇತ್ತು ಅಂತ ಗಲಾಟೆ ಆಯಿತಲ್ಲ, ಆವಾಗ ಎಲ್ಲರೂ 'ಕೆಸಿ ವ್ಯಾಲಿಯಿಂದಲೇ' ಅಂದರು. ಒಳ್ಳೆಯದಾದರೆ ಮಳೆ, ಕೆಟ್ಟದಾದರೆ ಕೆಸಿ ವ್ಯಾಲಿ. ಇದಕ್ಕೂ ಒಂದು ಪದ ಇರಬೇಕು.

ಅಂಕಿಅಂಶ_ಅಕ್ಕ

ಇದೆ, ಕನ್‌ಫರ್ಮೇಶನ್ ಬಯಾಸ್. ಈ ಮಾತು ಮಾತ್ರ ನೂರಕ್ಕೆ ನೂರು ಸರಿ ಅಣ್ಣ. ಎರಡೂ ಕಡೆ ಅದೇ ಅಳತೆಗೋಲು ಇರಬೇಕು.

ವೇದಿಕೆ_ಕಾವಲು

ಕೆಸಿ ವ್ಯಾಲಿ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಪದಗಳ ಬಗ್ಗೆ ಮಾತ್ರ.

ಚಾಂಪಿಯನ್_ರೀಫ್ಸ್

ಪದಗಳ ಬಗ್ಗೆಯೇ ಹೇಳುತ್ತೇನೆ. 'ಸಾಬೀತು' ಅನ್ನುವ ಪದ ಹುಡುಗರ ಬಾಯಲ್ಲಿ ಸುಲಭವಾಗಿ ಬರುತ್ತದೆ. ಕೆಜಿಎಫ್ ಕಥೆ ಕೇಳಿಸಿ.

ನಮ್ಮ ತಾತ ಗಣಿಯಲ್ಲಿ ಇದ್ದರು. ಭೂಮಿಯೊಳಗೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಿಜ್ಞಾನಿಗಳು ಉಪಕರಣ ಇಟ್ಟಿದ್ದರು. ಅಷ್ಟು ಕಲ್ಲು ಮೇಲಿದ್ದರೆ ಆಕಾಶದಿಂದ ಬರುವ ಬೇರೆ ಕಣಗಳು ಹೆಚ್ಚುಕಡಿಮೆ ಎಲ್ಲ ದಾರಿಯಲ್ಲೇ ನಿಲ್ಲುತ್ತವೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು (ಕಲ್ಲನ್ನೂ ಹಾದುಹೋಗುವ ಅತಿ ಸಣ್ಣ ಕಣ) ಅಲ್ಲಿ ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇನ್ನೊಂದು ತಂಡವೂ ಹಿಡಿಯಿತು. ಇಬ್ಬರೂ ಬೇರೆ ಬೇರೆ ಕಡೆ, ಬೇರೆ ಉಪಕರಣದಿಂದ ನೋಡಿದ್ದು ಒಂದೇ. ಅದಕ್ಕೇ ಜನ ನಂಬಿದರು.

ಎರಡನೇ ಕಥೆ ಇದಕ್ಕೆ ಉಲ್ಟಾ. 80ರ ದಶಕದ ಶುರುವಿನಲ್ಲಿ ಅದೇ ಆಳದಲ್ಲಿ 140 ಟನ್ ಉಪಕರಣ ಇಟ್ಟು ಪ್ರೋಟಾನ್ ಒಡೆಯುತ್ತದೆಯೇ ಅಂತ ನೋಡಿದರು. ಒಡೆದಂತೆ ಕಾಣುವ ಕೆಲವು ಘಟನೆಗಳು ಸಿಕ್ಕವು. ಅವರು ಬರೆದದ್ದು 'ಕ್ಯಾಂಡಿಡೇಟ್' ಅಂತ. ಒಡೆದದ್ದು ಸಾಬೀತು ಅಂತ ಅಲ್ಲ. ಆಮೇಲೆ ಅಮೆರಿಕ, ಜಪಾನಿನಲ್ಲಿ ಇನ್ನೂ ದೊಡ್ಡ ಉಪಕರಣಗಳು ಬಂದವು. ಅವಕ್ಕೆ ಏನೂ ಸಿಗಲಿಲ್ಲ. ಪ್ರೋಟಾನ್ ಒಡೆದದ್ದನ್ನು ಇವತ್ತಿನವರೆಗೂ ಯಾರೂ ಖಚಿತವಾಗಿ ಕಂಡಿಲ್ಲ. ಆದರೆ 'ಏನೂ ಸಿಗಲಿಲ್ಲ' ಅನ್ನುವುದೇ ಕೆಲಸಕ್ಕೆ ಬಂತು. ಇಷ್ಟು ಬೇಗ ಒಡೆಯಬೇಕು ಅಂತ ಹೇಳುತ್ತಿದ್ದ ಅತಿ ಸರಳ ಥಿಯರಿ ಅದರಿಂದಲೇ ಬಿದ್ದುಹೋಯಿತು. ಪ್ರೋಟಾನ್‌ಗಾಗಿ ಕಟ್ಟಿದ ಜಪಾನಿನ ಉಪಕರಣ 1987ರಲ್ಲಿ ಸಿಡಿದ ನಕ್ಷತ್ರದ, ಅಂದರೆ ಸೂಪರ್‌ನೋವಾದ ನ್ಯೂಟ್ರಿನೋ ಹಿಡಿಯಿತು, ಅದು ಬೋನಸ್ಸು.

ಗಣಿ 2001ರಲ್ಲಿ ಮುಚ್ಚಿತು. ಈಗ ಕೆಜಿಎಫ್ ಅಂದರೆ ಎಲ್ಲರಿಗೂ ಸಿನಿಮಾ.

ಆರ್‌ಬಿಡಿ_ರಾಗಿ

'ಕ್ಯಾಂಡಿಡೇಟ್' ಪದ ನಮ್ಮ ಹುಡುಗರಿಗೂ ಕಲಿಸಬೇಕು. ಒಂದು ಒಳ್ಳೆ ಮಡಿ ಕಂಡರೆ ಸಾಕು, ವಾಟ್ಸಾಪ್ ಸ್ಟೇಟಸ್ ಹಾಕುತ್ತಾರೆ.

ಬಾಗೇಪಲ್ಲಿ_ಬೋರ್

ಎಲ್ಲರಿಗೂ ಧನ್ಯವಾದ. ಸ್ಲೈಡ್ ತೆಗೆದೆ. ಬೋರ್‌ಗಳನ್ನು ಪಂಚಾಯಿತಿ ಪಟ್ಟಿಯಿಂದ ರ‍್ಯಾಂಡಮ್ ಸಂಖ್ಯೆ ಹಾಕಿ ನಾವೇ ಆರಿಸಿ ಕೊಡುತ್ತೇವೆ. ಆ ಬೋರ್ ಬತ್ತಿದ್ದರೆ ಪಟ್ಟಿಯ ಮುಂದಿನದಕ್ಕೆ ಹೋಗಬೇಕು, ಪಕ್ಕದ ಮನೆಯದಕ್ಕೆ ಅಲ್ಲ. ಫಾರಂನಲ್ಲಿ 'ಬೋರ್ ಬದಲಾಯಿಸಿದ್ದರೆ ಯಾಕೆ' ಅಂತ ಒಂದು ಕಾಲಂ ಹಾಕಿದೆ. ಆರ್‌ಬಿಡಿ ಅಣ್ಣನ ಸಾಲು ನೋಟ್‌ಬುಕ್ಕಿನ ಮೊದಲ ಪುಟಕ್ಕೆ. ಎಂಟು ಲೋಟದ ಆಟ ಸೋಮವಾರ.

ಇನ್ನೊಂದು ಅನುಮಾನ ಉಳಿದಿದೆ. ಶಾಲೆಗಳಲ್ಲಿ ಮಕ್ಕಳ ಹಲ್ಲು ನೋಡಿ ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಬರುವ ಹಲ್ಲಿನ ಕಲೆ) ಇದೆಯೋ ಇಲ್ಲವೋ ಅಂತಲೂ ಬರೆಯಬೇಕು. ಒಬ್ಬಳು 'ಇದೆ' ಅಂದ ಮಗುವಿಗೆ ಇನ್ನೊಬ್ಬ 'ಇಲ್ಲ' ಅನ್ನುತ್ತಾನೆ.

ಲ್ಯಾಬ್_ಅಣ್ಣ

'ಇದೆ' ಅಂದರೆ ಏನು ಅಂತ ಮೊದಲೇ ಬರೆದಿಡಿ. ಅದಕ್ಕೆ ಆಪರೇಷನಲ್ ಡೆಫಿನಿಷನ್ ಅನ್ನುತ್ತಾರೆ. ಮೇಷ್ಟ್ರ ವ್ಯಾಖ್ಯೆ ಇಲ್ಲಿ ಬೇಕೇ ಬೇಕು. ಹಲ್ಲಿಗೆ ಡೀನ್ ಸೂಚ್ಯಂಕ ಇದೆ. ಏನೂ ಇಲ್ಲ, ಅನುಮಾನ, ಅತಿ ಕಡಿಮೆ, ಕಡಿಮೆ, ಮಧ್ಯಮ, ತೀವ್ರ ಅಂತ ಆರು ಮೆಟ್ಟಿಲು. ಪ್ರತಿಯೊಂದಕ್ಕೂ ಫೋಟೋ ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ದಂತ ವೈದ್ಯರೊಬ್ಬರಿಂದ ಒಂದು ದಿನ ತರಬೇತಿ ಕೊಡಿಸಿ. ಆಮೇಲೆ ಒಂದೇ ಮಕ್ಕಳನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದು. ಇಬ್ಬರದೂ ಎಷ್ಟು ಕೂಡಿ ಬರುತ್ತದೆ ಅನ್ನುವುದು ರಿಲಯಬಿಲಿಟಿ.

ವ್ಯಾಲಿಡಿಟಿ ಬೇರೆ, ಅಳೆಯಬೇಕಾದದ್ದನ್ನೇ ಅಳೆಯುತ್ತಿದ್ದೇವೆಯೇ ಅನ್ನುವುದು. ಹಲ್ಲಿನ ಕಲೆ ಹುಟ್ಟುವುದು ಹಲ್ಲು ದವಡೆಯೊಳಗೆ ಬೆಳೆಯುವಾಗ, ಚಿಕ್ಕ ವಯಸ್ಸಿನಲ್ಲಿ. ಹನ್ನೆರಡು ವರ್ಷದ ಮಗುವಿನ ಹಲ್ಲು ಹೇಳುವುದು ಅದು ಮಗುವಾಗಿದ್ದಾಗ ಕುಡಿದ ನೀರಿನ ಕಥೆ, ಇವತ್ತಿನ ಬೋರ್‌ನದ್ದಲ್ಲ. ಮನೆಯವರು ಬೆಂಗಳೂರಿನಿಂದ ವಾಪಸ್ ಬಂದವರಾದರೆ ಲೆಕ್ಕ ಪೂರ್ತಿ ಉಲ್ಟಾ. 'ಐದು ವರ್ಷದ ತನಕ ಯಾವ ಊರಲ್ಲಿ ಇದ್ದಿರಿ, ಯಾವ ನೀರು ಕುಡಿದಿರಿ' ಅಂತ ಒಂದು ಪ್ರಶ್ನೆ ಸೇರಿಸಿ.

ಹಳೇ_ಮೇಷ್ಟ್ರು_ತುಮಕೂರು

ವ್ಯಾಖ್ಯೆ ಬೇಕೇ ಬೇಕು ಅಂತ ಕೊನೆಗೂ ಒಬ್ಬರು ಒಪ್ಪಿದರಲ್ಲ.

ರೇಷ್ಮೆಗೂಡು_ಶಿಡ್ಲಘಟ್ಟ

ದೊಡ್ಡವರ ಕೀಲು ನೋವಿನ ಬಗ್ಗೆಯೂ ಕೇಳುತ್ತೀರಾ ಅಕ್ಕ? ಕೇಳುವುದಾದರೆ "ಈ ನೀರಿನಿಂದ ಕೀಲು ನೋವು ಬಂದಿದೆಯಾ" ಅಂತ ಕೇಳಬೇಡಿ. ಇಡೀ ಊರು 'ಹೌದು' ಅನ್ನುತ್ತದೆ. ನಮ್ಮಜ್ಜಿ ಅಂತೂ ಎರಡು ಸಲ ಅನ್ನುತ್ತಾರೆ.

ಬಾಗೇಪಲ್ಲಿ_ಬೋರ್

ಫಾರಂನಲ್ಲಿ ಹಾಗೇ ಇದೆ. ಇವತ್ತೇ ಬದಲಾಯಿಸುತ್ತೇನೆ: "ಯಾವ ಕೀಲಾದರೂ ನೋಯುತ್ತದೆಯೇ? ಎಷ್ಟು ದಿನದಿಂದ?" ನೀರಿನ ಮಾತು ಕೊನೆಯ ಪುಟದಲ್ಲಿ, ಬೇರೆಯಾಗಿ.

ಪಾವಗಡ_ಬಿಸಿಲು

ಫಾರಂ ಇಲ್ಲಿ ಹಾಕಿ ಅಕ್ಕ, ನಮ್ಮ ಕಡೆಯೂ ಇದೇ ನೀರು.